ಸಪೂರ ಆಗಿದ್ದಿಯಲ್ಲ!

ಕಳೆದ ವರ್ಷದ ನವೆಂಬರಿನಲ್ಲಿ ಕಟಪಾಡಿಯ ಹತ್ತಿರದ ಒಂದು ಸಭಾಭವನದಲ್ಲಿ ನಮ್ಮ ಕುಟುಂಬದ ಮದುವೆಯಿತ್ತು. ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ ಸುರತ್ಕಲ್‌ನಲ್ಲಿರುವ ತಂಗಿಯ ಮಗಳು ಎದುರಾದಳು. ಎಸ್ಸೆಸ್ಸೆಲ್ಸಿ ಮುಗಿಸಿ ಜೂನ್‌ನಲ್ಲಿ ಮಂಗಳೂರಿನ ಪದವಿಪೂರ್ವ ಕಾಲೇಜಿಗೆ ಸೇರಿದ್ದ ಹುಡುಗಿಯನ್ನು ನಾನು ಆರು ತಿಂಗಳಿಂದ ನೋಡಿರಲಿಲ್ಲ. ಕಂಡ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು, "ಎಂತ ಮಾರಾಯ್ತಿ, ಎಷ್ಟು ಸಪೂರ ಆಗಿದ್ದಿ! ಚಂದ ಕಾಣ್ತಿ." ಅವಳು ನಕ್ಕಳು. ಪಕ್ಕದಲ್ಲಿದ್ದ ತಂಗಿಯೂ ಸ್ವಲ್ಪ ಹೆಮ್ಮೆಯಿಂದಲೇ ನಕ್ಕಳು. ಆ ದಿನ ಅದೇ ಮಾತನ್ನು ತನಗೆ ಹೇಳಿದವರು ಒಟ್ಟು ಹನ್ನೊಂದು ಮಂದಿ ಎಂದೂ ಅವರಲ್ಲಿ ನಾನು ಮೂರನೆಯವಳೆಂದೂ ನಾಲ್ಕು ತಿಂಗಳ ನಂತರ ಅವಳೇ ನನಗೆ ತಿಳಿಸಿದಳು. ಮನೆಗೆ ಹೋದ ಮೇಲೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಲ್ಲರ ಹೆಸರನ್ನೂ ಬರೆದಿಟ್ಟಿದ್ದಳಂತೆ.

ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ಹಾರ್ಮೋನುಗಳ ಪಾಠವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಅಂಥ ನನಗೂ ಎದುರಿಗೆ ನಿಂತ ಮಗು ಹಸಿದಿದೆ ಎಂಬುದು ಕಾಣಲಿಲ್ಲ.

ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದಾಗ ಎರಡು ಷರತ್ತುಗಳನ್ನು ಹಾಕಿದಳು. ಹೆಸರು ಇರಬಾರದು, ತೂಕದ ಅಂಕಿ ಒಂದೂ ಇರಬಾರದು. ಎರಡನೆಯದಕ್ಕೆ ಅವಳು ಕೊಟ್ಟ ಕಾರಣ ನನಗೆ ಹೊಸದು. ಅನೊರೆಕ್ಸಿಯಾ, ಅಂದರೆ ತೋರ ಆಗುವ ಹೆದರಿಕೆಯಿಂದ ಊಟ ಬಿಡುತ್ತಾ ಹೋಗುವ ಈ ಕಾಯಿಲೆಯಲ್ಲಿರುವವರು ಇನ್ನೊಬ್ಬರ ತೂಕವನ್ನು ಎಚ್ಚರಿಕೆಯೆಂದು ಓದುವುದಿಲ್ಲ, ಮುಟ್ಟಬೇಕಾದ ಗುರಿಯೆಂದು ಓದುತ್ತಾರೆ. ಹಾಗಾಗಿ ಎಷ್ಟು ಇಳಿದಳು, ಹೇಗೆ ಇಳಿಸಿದಳು ಎಂಬುದು ಇಲ್ಲಿ ಇರುವುದಿಲ್ಲ.

ಘಟ್ಟದ ಮೇಲಿನವರು ತೆಳ್ಳಗೆ, ದಪ್ಪ ಎನ್ನುವುದನ್ನು ನಾವು ಸಪೂರ, ತೋರ ಎನ್ನುತ್ತೇವೆ. ಸಪೂರ ಎಂಬ ಮಾತು ನಮ್ಮಲ್ಲಿ ಹಳೆಯದು, ಅದು ಹೊಗಳಿಕೆಯಾದದ್ದು ಮಾತ್ರ ಇತ್ತೀಚೆಗೆ. ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ ನಮ್ಮ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ "ಸಪೂರ ಆಗಿದ್ದಿಯಲ್ಲ" ಎನ್ನುತ್ತಿದ್ದರು. ಅದರ ಬೆನ್ನಿಗೇ "ಹುಷಾರಿಲ್ಲವಾ? ಅಲ್ಲಿ ಊಟ ಸರಿ ಇಲ್ಲವಾ?" ಎಂಬ ಪ್ರಶ್ನೆ ಬರುತ್ತಿತ್ತು, ಪ್ರಶ್ನೆಯ ಬೆನ್ನಿಗೆ ಬಟ್ಟಲು ಬರುತ್ತಿತ್ತು. ಇಂದು ಅದೇ ವಾಕ್ಯದ ಬೆನ್ನಿಗೆ ಬರುವುದು "ಎಂತ ಮಾಡಿದ್ದು? ನನಗೂ ಹೇಳು" ಎಂಬ ಮಾತು. ನುಡಿದ ಶಬ್ದಗಳು ಅವೇ, ಅವುಗಳ ನಂತರದ ವಾಕ್ಯ ಬದಲಾಗಿದೆ. ಯಾವ ವರ್ಷದಲ್ಲಿ ಬದಲಾಯಿತೆಂದು ಹೇಳಲಾರೆ. 1994ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದಾಗ ನಾನು ಹೈಸ್ಕೂಲಿನಲ್ಲಿದ್ದೆ. "ನಮ್ಮ ಊರಿನ ಹುಡುಗಿ" ಎಂಬ ಹೆಮ್ಮೆಯ ಜೊತೆಗೇ ನಾವೆಲ್ಲ ಕನ್ನಡಿಯ ಎದುರು ನಿಲ್ಲುವ ಹೊತ್ತು ಹೆಚ್ಚಿದ್ದು ನೆನಪಿದೆ. ಆದರೆ ಆಗ ಕನ್ನಡಿ ಗೋಡೆಯ ಮೇಲಿತ್ತು, ಅದರ ಎದುರಿನಿಂದ ಎದ್ದು ಹೋಗಬಹುದಿತ್ತು.

ಇಂಥದೇ ಬದಲಾವಣೆಯನ್ನು ಫಿಜಿ ದ್ವೀಪಗಳಲ್ಲಿ ಒಬ್ಬರು ಅಳೆದು ನೋಡಿದ್ದಾರೆ. ಅಲ್ಲಿ ಮೈತುಂಬಿದ ದೇಹವನ್ನು ಕಂಡರೆ, ಆ ವ್ಯಕ್ತಿಯನ್ನು ಮನೆಯವರು, ಊರವರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಜನ ಅರ್ಥಮಾಡಿಕೊಳ್ಳುತ್ತಿದ್ದರು. ಯಾರಾದರೂ ಇಳಿದುಹೋದರೆ ನೆಂಟರು ಗಾಬರಿಯಾಗುತ್ತಿದ್ದರು. ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಬಂದ ಹೊಸತರಲ್ಲಿ 63 ಮಂದಿ ಶಾಲಾ ಹುಡುಗಿಯರನ್ನು, 1998ರಲ್ಲಿ ಮತ್ತೆ 65 ಮಂದಿಯನ್ನು ಹಾರ್ವರ್ಡಿನ ಆನ್ ಬೆಕರ್ ಮತ್ತು ಅವರ ಜೊತೆಗಾರರು ಪ್ರಶ್ನಿಸಿದರು. ತೂಕ ಇಳಿಸಲೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಮೊದಲ ಸಲ ಒಬ್ಬರೂ ಇರಲಿಲ್ಲ, ಎರಡನೆಯ ಸಲ ಶೇಕಡಾ 11.3 ಮಂದಿ ಇದ್ದರು. ಸಣ್ಣ ಅಧ್ಯಯನ, ಎರಡು ಸಲವೂ ಅದೇ ಹುಡುಗಿಯರಲ್ಲ, ಟಿವಿಯೊಂದೇ ಕಾರಣವೆಂದು ಅದರಿಂದ ಸಾಧಿಸಲಾಗದು. ಆದರೂ ಮೂರೇ ವರ್ಷಗಳಲ್ಲಿ ಒಂದು ಊರಿನ ಕಣ್ಣು ಬದಲಾಗಬಲ್ಲದು ಎಂಬುದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಬಟ್ಟಲು.

ತಂಗಿಯ ಮನೆಯಲ್ಲಿ ಇದು ಯಾರ ಗಮನಕ್ಕೂ ಬಾರದೆ ಉಳಿದದ್ದಕ್ಕೆ ಒಂದು ವಿಚಿತ್ರ ಕಾರಣ ನಮ್ಮ ಕರಾವಳಿಯ ಪಂಚಾಂಗವೇ. ಹುಡುಗಿ ಮೊದಲು ಬಿಟ್ಟದ್ದು ಮೀನು. ಬೇರೆ ಕಾಲದಲ್ಲಾಗಿದ್ದರೆ ಬಂಗುಡೆ ಪುಳಿಮುಂಚಿಯ ಮನೆಯಲ್ಲಿ ಒಬ್ಬಳು ಬಟ್ಟಲು ದೂಡಿದ್ದು ಅದೇ ದಿನ ಸುದ್ದಿಯಾಗುತ್ತಿತ್ತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಬರುವುದು ಕಡಿಮೆ, ಬಂದದ್ದಕ್ಕೆ ಬೆಲೆ ಜಾಸ್ತಿ, ಆ ಎರಡು ತಿಂಗಳು ಎಲ್ಲರೂ ಅರ್ಧ ಸಸ್ಯಾಹಾರಿಗಳೇ. ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಸೋಣ, ತುಳುವರ ಪಂಚಾಂಗದ ವ್ರತ ಪೂಜೆಗಳ ತಿಂಗಳು, ಬಂತು. "ಸೋಣದಲ್ಲಿ ಮೀನು ಬೇಡ" ಎಂದಳು, ಅವಳ ಅಪ್ಪನ ತಾಯಿಗೆ ಸಂತೋಷವಾಯಿತು. ಆಮೇಲೆ ಶನಿವಾರ ಒಪ್ಪತ್ತು ಹಿಡಿದಳು, ಸಂಕಷ್ಟಿಯಂದು ಉಪವಾಸವೆಂದಳು. ಈ ಕಾಲದ ಮಕ್ಕಳಲ್ಲಿ ಇಂಥ ಭಕ್ತಿ ಎಲ್ಲಿದೆ ಎಂದು ಆ ಹಿರಿಯರು ನೆರೆಮನೆಯವರಲ್ಲೂ ಹೇಳಿಕೊಂಡರಂತೆ. ಉಪವಾಸದ ಬಗ್ಗೆ ನನಗೆ ತಕರಾರಿಲ್ಲ, ನಾನೂ ಏಕಾದಶಿ ಮಾಡುತ್ತೇನೆ. ಆದರೆ ವ್ರತಕ್ಕೆ ಪಾರಣೆ ಎಂಬುದೊಂದಿದೆ. ಮರುದಿನ ಉಣ್ಣಲು ಹೆದರುವವರು ಮಾಡುವುದು ಉಪವಾಸವಲ್ಲ.

ಕಾಲೇಜಿನ ದಿನಗಳಲ್ಲಿ ಬೆಳಿಗ್ಗೆ ಏಳು ಕಾಲರ ಬಸ್ಸು. ತಿಂಡಿಗೆ ಹೊತ್ತಿಲ್ಲ, ಬುತ್ತಿ ಕೊಡು ಎನ್ನುತ್ತಿದ್ದಳು. ಖಾಲಿಯಾಗಿ ಬರುತ್ತಿದ್ದ ಬುತ್ತಿಯನ್ನು ಯಾವ ತಾಯಿ ಸಂಶಯಿಸುತ್ತಾಳೆ? ದಾರಿಯಲ್ಲಿ ಸಿಕ್ಕವರೆಲ್ಲ ನಮ್ಮಲ್ಲಿ ಕೇಳುವುದು "ಒಣಸ್ ಆಂಡಾ?" ಎಂದು. ಊಟ ಆಯಿತಾ ಎಂಬ ಆ ತುಳು ಪ್ರಶ್ನೆಗೆ ಯಾರೂ ನಿಜವಾಗಿ ಉತ್ತರ ಬಯಸುವುದಿಲ್ಲ, ಅದು ನಮಸ್ಕಾರ ಇದ್ದ ಹಾಗೆ. ತನಗೆ ದಿನಕ್ಕೆ ಹತ್ತು ಸಲ ಸುಳ್ಳು ಹೇಳಲು ಅಭ್ಯಾಸ ಮಾಡಿಸಿದ್ದು ಆ ಪ್ರಶ್ನೆ ಎಂದು ಅವಳು ಹೇಳಿದಾಗ ನಾನು ಏನೂ ಹೇಳಲಾರದೆ ಸುಮ್ಮನಾದೆ.

ಇಷ್ಟರ ನಡುವೆ ಮನೆಯಲ್ಲಿ ಹೊಸ ಹವ್ಯಾಸವೊಂದು ಶುರುವಾಗಿತ್ತು. ಅಡುಗೆಮನೆಗೆ ಕಾಲಿಡದ ಹುಡುಗಿ ರಾತ್ರಿ ಹನ್ನೊಂದರವರೆಗೆ ಅಡುಗೆಯ ವಿಡಿಯೊ ನೋಡತೊಡಗಿದಳು. ಭಾನುವಾರಗಳಲ್ಲಿ ಕೇಕು, ಬನ್ಸು, ಒಮ್ಮೆ ಪತ್ರೊಡೆಯನ್ನೂ ಮಾಡಿದಳು. ಕೆಸುವಿನ ಎಲೆಯ ಮೇಲೆ ಹಿಟ್ಟನ್ನು ಎಷ್ಟು ತೆಳುವಾಗಿ, ಎಷ್ಟು ಸಮನಾಗಿ ಸವರುತ್ತಿದ್ದಳೆಂದರೆ ಒಂದು ಸುರುಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತಂತೆ. ಎಲ್ಲರಿಗೂ ಬಡಿಸಿ, ಎಲ್ಲರೂ ತಿನ್ನುವುದನ್ನು ಎದುರು ಕುಳಿತು ನೋಡುತ್ತಿದ್ದಳು. "ಮಾಡುತ್ತಾ ರುಚಿ ನೋಡಿ ನನಗೆ ಹೊಟ್ಟೆ ತುಂಬಿತು" ಎನ್ನುತ್ತಿದ್ದಳು. ಮಗಳಿಗೆ ಅಡುಗೆಯಲ್ಲಿ ಆಸಕ್ತಿ ಬಂತೆಂದು ತಂಗಿ ಪತ್ರೊಡೆಯ ಫೋಟೊವನ್ನು ನನಗೂ ಕಳಿಸಿದ್ದಳು. ಹೆಬ್ಬೆರಳು ಒತ್ತಿದ್ದೆ.

ಆ ಫೋಟೊದ ಅರ್ಥ ತಿಳಿದದ್ದು ಮಿನೆಸೋಟ ವಿಶ್ವವಿದ್ಯಾಲಯದ ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದಾಗ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಯುದ್ಧದಿಂದ ಹಸಿದ ಯುರೋಪಿಗೆ ಹೇಗೆ ಊಟ ಕೊಡಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಎಲ್ಲರೂ ಶಸ್ತ್ರ ಹಿಡಿಯಲು ಒಪ್ಪದೆ, ಅದರ ಬದಲಿಗೆ ಈ ಸೇವೆಗೆ ತಾವಾಗಿ ಬಂದವರು, ದೇಹ ಮನಸ್ಸು ಎರಡೂ ಗಟ್ಟಿ ಎಂದು ಪರೀಕ್ಷೆಯಲ್ಲಿ ಕಂಡುಬಂದವರು. 1945ರಲ್ಲಿ ಆರು ತಿಂಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1570 ಕಿಲೋಕ್ಯಾಲರಿಯಷ್ಟೇ ಆಹಾರ ಕೊಡಲಾಯಿತು. ಆ ಗಂಡಸರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಊಟವನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ಎಳೆದರು, ತಟ್ಟೆ ನೆಕ್ಕಿದರು, ಗೆಳೆಯರಿಂದ ದೂರವಾದರು, ಬೇಸಿಗೆಯಲ್ಲೂ ಹೊದಿಕೆ ಕೇಳಿದರು. ಯಾರಿಗೂ ಸಪೂರ ಆಗುವ ಆಸೆ ಇರಲಿಲ್ಲ. ಹಸಿವೆ ಒಂದೇ ಅವರನ್ನು ಹಾಗೆ ಮಾಡಿತು. ನಮ್ಮ ಹುಡುಗಿಯ ಅಡುಗೆ ಹವ್ಯಾಸ, ಸಿಡಿಮಿಡಿ, ಗೆಳತಿಯರ ಜೊತೆ ಮಾತು ಬಿಟ್ಟದ್ದು, ಇವನ್ನೆಲ್ಲ ನಾವು ಹದಿಹರೆಯದ ಹಟವೆಂದೂ ಓದಿನ ಟೆನ್ಷನ್ನೆಂದೂ ಎಣಿಸಿದ್ದೆವು. ಮಿದುಳಿಗೆ ಊಟ ಸಾಲದಿದ್ದರೆ ಅದು ಊಟದ ಬಗ್ಗೆ ಬಿಟ್ಟು ಬೇರೆ ಯೋಚಿಸಲಾರದು ಎಂಬುದು ಎಷ್ಟು ಸರಳ ಸಂಗತಿ! ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 16 ದಾಟಿದ ಹುಡುಗಿಗೆ ದಿನಕ್ಕೆ ಸುಮಾರು 2500 ಕಿಲೋಕ್ಯಾಲರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ ಹೇಳುತ್ತದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ "1200 ಕ್ಯಾಲರಿ ಡಯಟ್ ಚಾರ್ಟ್" ಅದರ ಅರ್ಧಕ್ಕಿಂತಲೂ ಕಡಿಮೆ, ಉಪವಾಸದ ಪ್ರಯೋಗಕ್ಕೆ ಒಳಗಾದವರಿಗೆ ಸಿಕ್ಕಿದ್ದಕ್ಕಿಂತಲೂ ಕಡಿಮೆ.

ಜನವರಿಯಲ್ಲಿ ತಂಗಿಗೆ ಕೊನೆಗೂ ಸಂಶಯ ಬಂದದ್ದು ಒಂದು ಸ್ವೆಟರಿನಿಂದ. ಸುರತ್ಕಲ್‌ನ ಮಧ್ಯಾಹ್ನ, ಕಡಲ ಕಡೆಯಿಂದ ಬಿಸಿಗಾಳಿ, ಮನೆಯವರೆಲ್ಲ ಫ್ಯಾನಿನ ಅಡಿಯಲ್ಲಿ ಬೆವರುತ್ತಿದ್ದರು. ಇವಳು ಊಟಿ ಪ್ರವಾಸಕ್ಕೆಂದು ಹಿಂದೆ ಕೊಂಡಿದ್ದ ನೀಲಿ ಸ್ವೆಟರ್ ತೊಟ್ಟು, ಫ್ಯಾನ್ ಆರಿಸು ಎಂದು ತಮ್ಮನೊಡನೆ ಜಗಳವಾಡುತ್ತಿದ್ದಳು. ಕೈ ಹಿಡಿದು ನೋಡಿದರೆ ಬೆರಳ ತುದಿ ತಣ್ಣಗಿತ್ತು, ತೋಳಿನ ಮೇಲೆ ಹಿಂದೆ ಇಲ್ಲದ ನವಿರಾದ ರೋಮ ಬೆಳೆದಿತ್ತು. ಮೂರು ತಿಂಗಳಿಂದ ಮುಟ್ಟೂ ಆಗಿರಲಿಲ್ಲ ಎಂಬುದು ಅಂದೇ ಗೊತ್ತಾಯಿತು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಎತ್ತರ ತೂಕ ನೋಡಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ನಾರ್ಮಲ್ ಇದೆ, ಹಿಂದೆ ಸ್ವಲ್ಪ ಜಾಸ್ತಿ ಇತ್ತು, ಇಳಿಸಿದ್ದು ಒಳ್ಳೆಯದೇ ಆಯಿತು ಎಂದು ಹೇಳಿ, ರಕ್ತಹೀನತೆಗೆ ಮಾತ್ರೆ ಬರೆದು ಕಳುಹಿಸಿದರು. ರಕ್ತಹೀನತೆ ಇದ್ದದ್ದು ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ಅದಿದೆ, ಹಾಗಾಗಿ ಯಾವ ಸುಸ್ತಿಗೂ ಅದೇ ಸುಲಭದ ಉತ್ತರ. ಆ ವೈದ್ಯರನ್ನು ದೂರುವ ಅರ್ಹತೆ ನನಗಿಲ್ಲ. ಅವರು ಹೇಳಿದ್ದೂ ಮದುವೆಮನೆಯಲ್ಲಿ ನಾನು ಹೇಳಿದ್ದೂ ಒಂದೇ ಮಾತು, ಅವರು ಅಂಕಿಯಲ್ಲಿ ಹೇಳಿದರು. ಆದರೆ ಬೆಳೆಯುವ ಮಕ್ಕಳಿಗೆ ಬಿಎಂಐಯನ್ನು ದೊಡ್ಡವರ ಅಳತೆಯಲ್ಲಿ ನೋಡುವಂತಿಲ್ಲ. ವಯಸ್ಸಿಗೆ ತಕ್ಕ ರೇಖಾಚಿತ್ರದಲ್ಲಿ, ಆ ಮಗು ಇಷ್ಟು ವರ್ಷ ಯಾವ ಗೆರೆಯ ಮೇಲೆ ಬೆಳೆದು ಬಂತು, ಅದರಿಂದ ಎಷ್ಟು ಬೇಗ ಕೆಳಗಿಳಿಯಿತು ಎಂದು ನೋಡಬೇಕು. ತೋರ ಇದ್ದ ಮಗು ವೇಗವಾಗಿ ಇಳಿದು ಚಾರ್ಟಿನ ನಡುವಿಗೆ ಬಂದು ನಿಂತಾಗಲೂ ಅದರ ಹೃದಯ, ಮೂಳೆ, ಹಾರ್ಮೋನುಗಳು ಹಸಿದ ದೇಹದವೇ ಆಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗಪಟ್ಟಿಯನ್ನು ಪರಿಷ್ಕರಿಸಿದಾಗ ಈ ಬಗೆಯ ಅನೊರೆಕ್ಸಿಯಾವನ್ನು ಪ್ರತ್ಯೇಕವಾಗಿ ಹೆಸರಿಸಿತು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರಾದರೋ 1870ರ ದಶಕದಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಗಲ್ ಕೊಟ್ಟದ್ದು. ಫೋನಿಗಿಂತ, ಟಿವಿಗಿಂತ ಹಳೆಯ ಕಾಯಿಲೆ.

ಎರಡನೆಯ ವೈದ್ಯೆ ಮಂಗಳೂರಿನವರು. ಅವರು ತೂಕದ ಯಂತ್ರವನ್ನು ಮುಟ್ಟುವ ಮೊದಲೇ ನಾಡಿ ಹಿಡಿದರು. ನಿಮಿಷಕ್ಕೆ 44. ಹಗಲಿನಲ್ಲಿ ಎಚ್ಚರವಿರುವಾಗ 50ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಇರಿಸಬೇಕು ಎಂದು ಅಂದೇ ಸೇರಿಸಿಕೊಂಡರು. ಚೆನ್ನಾಗಿ ಊಟ ಹಾಕಿದರೆ ಸರಿಹೋಗುತ್ತದಲ್ಲ ಎಂದು ಭಾವ ಕೇಳಿದ್ದಕ್ಕೆ, ಹಸಿದ ದೇಹಕ್ಕೆ ಒಮ್ಮೆಲೇ ಊಟ ಹಾಕುವುದೂ ಅಪಾಯ ಎಂದು ವಿವರಿಸಿದರು. ಬಹಳ ದಿನದ ಮೇಲೆ ಪಿಷ್ಟ ಸಿಕ್ಕಿದಾಗ ಇನ್ಸುಲಿನ್ ಏರಿ, ರಕ್ತದ ರಂಜಕವು ಜೀವಕೋಶಗಳ ಒಳಗೆ ಎಳೆಯಲ್ಪಟ್ಟು, ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ದಿನವೂ ರಕ್ತಪರೀಕ್ಷೆ, ಮೊದಲು ಥಯಾಮಿನ್ ಎಂಬ ಬಿ1 ಜೀವಸತ್ವ, ಆಮೇಲೆ ಅಳೆದು ಊಟ. ಥಯಾಮಿನ್ ಎಂಬ ಮಾತು ಕೇಳಿ ನನಗೆ ಕುಚ್ಚಲಕ್ಕಿ ನೆನಪಾಯಿತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. "ಅನ್ನ ತಿಂದರೆ ತೋರ ಆಗುತ್ತೇವೆ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿ, ಮೂರು ಚಮಚ ಬಡಿಸಿಕೊಂಡವಳೂ ನಾನೇ.

ಫೋನಿನ ಬಗ್ಗೆ ಹೇಳದಿದ್ದರೆ ಓದುಗರು ಕೇಳುತ್ತಾರೆ. ಪ್ರತಿ ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಅಸಮಾಧಾನವನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತದೆ ಎಂದು ಆ ಕಂಪೆನಿಯ ಒಳಗಿನ ಟಿಪ್ಪಣಿಯಲ್ಲೇ ಇದ್ದುದು 2021ರಲ್ಲಿ ಹೊರಬಂತು. ನಮ್ಮವಳ ಫೋನಿನಲ್ಲೂ ಅಂಥ ವಿಡಿಯೊಗಳು ಬೇಕಾದಷ್ಟಿದ್ದವು. ಆದರೆ ಆರಂಭ ಎಲ್ಲಿಂದ ಎಂದು ಕೇಳಿದಾಗ ಅವಳು ಹೇಳಿದ್ದು ಫೋನಿನ ಮಾತಲ್ಲ. ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಗೆ ಅಮ್ಮನ ಸೀರೆ ಉಟ್ಟಾಗ ಒಬ್ಬರು "ಆಂಟಿ ಹಾಗೆ ಕಾಣ್ತಿ" ಎಂದರಂತೆ. ಹೇಳಿದವರು ಯಾರೆಂದು ಅವಳು ಹೇಳಲಿಲ್ಲ, ಕುಟುಂಬದವರೇ ಇರಬೇಕು. ಬೆಳೆಯುವ ಹುಡುಗಿಯ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಪ್ರಾಯದ ಸಹಜ ಕೆಲಸ. ವಯಸ್ಕರ ತೂಕದ ಹತ್ತಿರ ಹತ್ತಿರ ಅರ್ಧ ಭಾಗ ಸೇರುವುದೇ ಆ ಕೆಲವು ವರ್ಷಗಳಲ್ಲಿ. ಅದನ್ನು ಪಾಠದಲ್ಲಿ ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತೇವೆ.

ಹುಡುಗರ ವಿಷಯದಲ್ಲಿ ನಾವು ಇನ್ನೂ ಕುರುಡರು. ನವರಾತ್ರಿಗೆ ಹುಲಿವೇಷ ಹಾಕುವ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಕೃಷ್ಣಾಷ್ಟಮಿಯಿಂದಲೇ ಜಿಮ್ಮು, ಮೊಟ್ಟೆಯ ಬಿಳಿ, ಪ್ರೋಟೀನ್ ಪುಡಿ ಎಂದು ಶುರುಮಾಡಿ ಒಂದು ದಿನ ಪ್ರಯೋಗಾಲಯದಲ್ಲಿ ತಲೆತಿರುಗಿ ಬಿದ್ದ. ಬಣ್ಣದ ಕೆಳಗೆ ಹೊಟ್ಟೆಯ ಗೆರೆಗಳು ಕಾಣಬೇಕಂತೆ. ನಾವು ಸಣ್ಣವರಿದ್ದಾಗ ಹೊಟ್ಟೆ ಇರುವ ಹುಲಿಗಳೂ ತಾಸೆಯ ಪೆಟ್ಟಿಗೆ ಚೆನ್ನಾಗಿಯೇ ಕುಣಿಯುತ್ತಿದ್ದವು. ಆ ಹುಡುಗನ ಮನೆಯವರಿಗೆ ಫೋನ್ ಮಾಡಿದರೆ "ಬಾಡಿ ಮಾಡ್ತಾ ಇದ್ದಾನೆ ಮೇಡಂ" ಎಂದು ಸಂತೋಷದಿಂದಲೇ ಹೇಳಿದರು.

ಆಸ್ಪತ್ರೆಯಲ್ಲಿದ್ದದ್ದು ಹದಿನೇಳು ದಿನ. ನಿಜವಾದ ಚಿಕಿತ್ಸೆ ನಡೆದದ್ದು ಆಮೇಲೆ, ತಂಗಿಯ ಅಡುಗೆಮನೆಯಲ್ಲಿ. ಮಕ್ಕಳ ವಿಷಯದಲ್ಲಿ ತಂದೆತಾಯಿಯೇ ಕೆಲವು ಕಾಲ ಊಟದ ಪೂರ್ತಿ ಜವಾಬ್ದಾರಿ ಹೊರುವ ಕ್ರಮ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ಎಷ್ಟು ತಿನ್ನಬೇಕೆಂಬ ತೀರ್ಮಾನ ಮಗುವಿನದಲ್ಲ, ವಾದವಿಲ್ಲ, ಬೈಗುಳವಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ದಿನಕ್ಕೆ ಮೂರು ಊಟ, ನಡುನಡುವೆ ತಿಂಡಿ. ಭಾವ ರಾತ್ರಿ ಪಾಳಿ ಬಿಟ್ಟರು, ತಂಗಿ ಎರಡು ತಿಂಗಳು ರಜೆ ಹಾಕಿದಳು. ಒಂದು ಶನಿವಾರ ನಾನು ಹೋಗಿದ್ದಾಗ ಅವಳ ಎದುರು ಗಂಜಿಯ ಬಟ್ಟಲು, ಸಣ್ಣ ತಟ್ಟೆಯಲ್ಲಿ ತೊಂಡೆಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ, ಒಂದು ಹುರಿದ ಬೂತಾಯಿ ಇದ್ದವು. ನಲವತ್ತು ನಿಮಿಷ ಹಿಡಿಯಿತು. ಅವಳು ಒಂದೊಂದೇ ಅಗುಳನ್ನು ಚಮಚದ ಅಂಚಿಗೆ ತಂದು ನಿಲ್ಲಿಸುತ್ತಿದ್ದಳು, ಕಣ್ಣಿನಿಂದ ನೀರು ಗಂಜಿಗೆ ಬೀಳುತ್ತಿತ್ತು. ತಂಗಿ ಅದನ್ನು ನೋಡದವಳಂತೆ ತನ್ನ ಬಟ್ಟಲನ್ನು ಉಣ್ಣುತ್ತಾ, ನೆರೆಮನೆಯ ನಾಯಿ ಮರಿ ಹಾಕಿದ ಕಥೆ ಹೇಳುತ್ತಿದ್ದಳು. ಅಗುಳು ಮುಗಿದಾಗ ತಿಳಿಗಂಜಿ ಉಳಿದಿತ್ತು. "ಅದೂ" ಎಂದಳು ತಂಗಿ. ಅದೂ ಹೋಯಿತು. ಎದ್ದು ಒಳಗೆ ಹೋಗಿ ಗೋಡೆಗೆ ಒರಗಿದ ತಂಗಿಯ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ರಾತ್ರಿ ಹೊತ್ತು ತೀರಾ ಕಂಗಾಲಾದಾಗ ಅವಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಎರಡು ಸಲ ಕರೆ ಮಾಡಿದ್ದಳಂತೆ. ಮಗಳಿಗಾಗಿ ಅಲ್ಲ, ತನಗಾಗಿ. ಕನ್ನಡದಲ್ಲೇ ಮಾತಾಡಿದರು ಎಂದಳು.

ಈಗ ಹುಡುಗಿ ಸೆಕೆಂಡ್ ಪಿಯುಸಿಯಲ್ಲಿದ್ದಾಳೆ. ಮುಟ್ಟು ಮರಳಿದೆ, ಸ್ವೆಟರ್ ಕಪಾಟಿಗೆ ಹೋಗಿದೆ, ಒಪ್ಪತ್ತು ನಿಂತಿದೆ. ಪೂರ್ತಿ ಗುಣವಾಯಿತೆಂದು ವೈದ್ಯೆಯೂ ಹೇಳುವುದಿಲ್ಲ. ಹೋದ ತಿಂಗಳು ಕುಟುಂಬದ ದೈವದ ನೇಮೋತ್ಸವದಲ್ಲಿ ನೆಂಟರೊಬ್ಬರು ಅವಳ ಗಲ್ಲ ಹಿಡಿದು "ಈಗ ಸ್ವಲ್ಪ ತೋರ ಆಗಿದ್ದಿಯಲ್ಲ, ಹುಷಾರು" ಎಂದರು. ಆ ರಾತ್ರಿ ಬಟ್ಟಲು ಮತ್ತೆ ಒಂದು ಗಂಟೆ ಹಿಡಿಯಿತು. ಅಚ್ಚರಿಯೆಂದರೆ ಅಲ್ಲೇ ಎದ್ದು ಮಾತಾಡಿದವರು, ಒಪ್ಪತ್ತಿಗೆ ಹೆಮ್ಮೆಪಟ್ಟಿದ್ದ ಅವಳ ಅಜ್ಜಿ. "ಮೈಯ ಲೆಕ್ಕ ನಿನಗೆ ಎಂತಕ್ಕೆ? ಉಂಡು ಹೋಗು" ಎಂದರಂತೆ.

ಮೊನ್ನೆ ಭಾನುವಾರ ಅವಳು ಒಬ್ಬಳೇ ನಮ್ಮ ಮನೆಗೆ ಬರುವವಳಿದ್ದಳು. ಉಡುಪಿ ಬಸ್ ನಿಲ್ದಾಣದಲ್ಲಿ ಕಾಯುತ್ತಾ, ಇಳಿದ ಕೂಡಲೇ ಏನು ಹೇಳಬೇಕೆಂದು ಯೋಚಿಸಿದೆ. ಸಪೂರ, ತೋರ, ಬಾಡಿದ್ದಿ, ಕಳೆಯಾಗಿದ್ದಿ, ಕಪ್ಪಾಗಿದ್ದಿ, ಕಡೆಗೆ ಊಟ ಆಯಿತಾ ಎಂಬುದು ಕೂಡ, ನನಗೆ ಬರುವ ಮಾತುಗಳೆಲ್ಲ ಮೈಯನ್ನೋ ಹೊಟ್ಟೆಯನ್ನೋ ನೋಡಿಯೇ ಶುರುವಾಗುವಂಥವು. ಬಸ್ಸು ಬಂತು. ಅವಳು ಬ್ಯಾಗು ಎತ್ತಿಕೊಂಡು ಇಳಿದು ನನ್ನೆದುರು ನಿಂತಳು. ನಾನೂ ನಿಂತೆ.

"ಸೀಟು ಸಿಕ್ಕಿತಾ?" ಎಂದೆ.

"ಪಡುಬಿದ್ರಿವರೆಗೆ ನಿಂತೇ ಬಂದೆ ದೊಡ್ಡಮ್ಮ" ಎಂದಳು. "ಆಮೇಲೆ ಸಿಕ್ಕಿತು, ಕಿಟಕಿ ಬದಿಯದ್ದೇ."